ಒಂದು ಮಗ್ಗುಲಿನ ವಿಮಾನ

ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಆ ಪ್ಲಾಸ್ಟಿಕ್ ಪಿನ್ನನ್ನು ಚಿಮಟದ ತುದಿಯಲ್ಲಿ ಎತ್ತಿ ಹಿಡಿದ ಕೂಡಲೆ ಅವನಿಗೆ ಹೆದರಿಕೆಯಾಯಿತು. ಯಾಕೆಂದು ತಕ್ಷಣ ತಿಳಿಯಲಿಲ್ಲ. ಬೆಳಗಿನ ಹತ್ತೂವರೆ, ಬುಧವಾರ, ಅವನ ವಾರದ ರಜೆ. ಕಿಟಕಿಯ ಪಕ್ಕದ ಊಟದ ಮೇಜಿಗೆ ಹಳೆಯ ಪೇಪರು ಹಾಸಿತ್ತು, ಅದರ ಮೇಲೆ ಯುದ್ಧಕಾಲದ ವಿಮಾನವೊಂದರ ಪ್ಲಾಸ್ಟಿಕ್ ಮಾದರಿ ಬಿಡಿಬಿಡಿಯಾಗಿ ಬಿದ್ದಿತ್ತು, ಎದುರಿನ ಕುರ್ಚಿಯಲ್ಲಿ ಮಾವ ಭೂತಗನ್ನಡಿ ಹಿಡಿದು ಡಬ್ಬಿಯೊಳಗೆ ಬಂದ ಸೂಚನೆಯ ಕಾಗದವನ್ನು ಓದುತ್ತಿದ್ದರು. ಹೆದರುವಂಥದ್ದು ಆ ಕೋಣೆಯಲ್ಲಿ ಏನೂ ಇರಲಿಲ್ಲ. “ಹನ್ನೊಂದನೇ ಚಿತ್ರ,” ಎಂದರು ಮಾವ. “ಬಾಲದ ಚಕ್ರದ ಅಚ್ಚಿಗೆ ಪಿನ್ನು. ಇದನ್ನ ಹಾಕದೆ ಮುಂದಕ್ಕೆ ಹೋಗಬೇಡಿ ಅಂತ ದಪ್ಪಕ್ಷರದಲ್ಲಿ ಹೊಡೆದಿದ್ದಾನೆ ನೋಡಿ, ಅಳಿಯಂದಿರೇ. ಹಾಕಿದ್ರಾ?” “ಹಾಕ್ತಿದೀನಿ ಮಾವ.” “ಹಾಕ್ತಿದೀನಿ ಬೇರೆ, ಹಾಕಿದೀನಿ ಬೇರೆ,” ಎಂದು ಮಾವ ತಮ್ಮ ಮಾತಿಗೆ ತಾವೇ ನಕ್ಕರು. ಮೂವತ್ತನಾಲ್ಕು ವರ್ಷ ಹುಡುಗರಿಗೆ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಅವರು. ಗೆರೆ ಒಂದು ಕೂದಲು ಆಚೆ ಹೋದರೆ ಹಾಳೆಯನ್ನೇ ಹರಿದು ಕೊಡುತ್ತಿದ್ದರಂತೆ. ಆ ನಗೆಗೆ ಅವನೂ ನಗಬೇಕೆಂದು ತುಟಿ ಅಗಲಿಸಿದ. ಆದರೆ ಮಾತು ಸೀದಾ ಹೋಗಿ ನಿನ್ನೆಯ ಮಧ್ಯಾಹ್ನಕ್ಕೆ ತಾಗಿತ್ತು. ನಿನ್ನೆ ನಾನು ಹಾಕಿದೆನೆ?

ನಿನ್ನೆ ಮಧ್ಯಾಹ್ನ ಅವನು ಏಳು ಮಹಡಿಯ ಹಳೆಯ ಕಟ್ಟಡವೊಂದರ ನೆತ್ತಿಯ ಮೇಲಿದ್ದ. ಲಿಫ್ಟು ರಿಪೇರಿ ಅವನ ಕಸುಬು, ಹತ್ತೊಂಬತ್ತು ವರ್ಷದಿಂದ ಅದೇ. ಲಿಫ್ಟು ಏರಿಳಿಯುವ ಬಾವಿಯ ತುದಿಯಲ್ಲಿ, ತಾರಸಿಗೆ ಅಂಟಿಕೊಂಡಂತೆ, ಪಾರಿವಾಳದ ಹಿಕ್ಕೆಯೂ ಸುಟ್ಟ ಗ್ರೀಸೂ ಬೆರೆತ ವಾಸನೆಯ ಮೋಟರು ಕೋಣೆಯಲ್ಲಿ ಮಂಡಿಯೂರಿ ಕೂತು, ಬ್ರೇಕಿನ ಸವೆದ ಪಟ್ಟಿಗಳನ್ನು ಬಿಚ್ಚಿ ಹೊಸದು ಕೂರಿಸಿದ್ದ. ಬ್ರೇಕಿಗೆ ಎರಡು ತೋಳು. ಒಂದೊಂದು ತೋಳೂ ಬೆರಳು ಗಾತ್ರದ ಒಂದೊಂದು ಕೀಲಿನ ಮೇಲೆ ನಿಂತಿರುತ್ತದೆ. ಆ ಕೀಲು ಅಲುಗಿ ಅಲುಗಿ ಹೊರಗೆ ಜಾರದಂತೆ ಅದರ ತುದಿಯ ತೂತಿಗೆ ಎರಡು ಕಾಲಿನ ತಂತಿಯಂಥ ಒಂದು ಪಿನ್ನು ತೂರಿಸಿ, ಇಕ್ಕಳದಿಂದ ಕಾಲು ಮಡಿಚಿಬಿಟ್ಟರೆ ಮುಗಿಯಿತು. ಎಡಗಡೆಯದನ್ನು ಮಡಿಚಿದ್ದು ನೆನಪಿತ್ತು, ಆಗ ಹೆಬ್ಬೆರಳಿಗೆ ಗೀರಿತ್ತು, ಗೀರು ಈಗಲೂ ಇದೆ. ಬಲಗಡೆಯದನ್ನು ಮೋಟರಿನ ಮುಚ್ಚಳದ ಮೇಲೆ ಇಟ್ಟದ್ದು ನೆನಪಿತ್ತು. ಅಷ್ಟರಲ್ಲಿ ಸೂಪರ್‌ವೈಸರ್ ಫೋನು. “ಇನ್ನೂ ಅಲ್ಲೇ ಇದೀಯೇನಪ್ಪಾ? ಮೊಟ್ಟೆ ಮೇಲೆ ಕೂತ ಕೋಳಿ ಥರ ಕೂತ್ಕೊಂಡ್ರೆ ಉಳಿದ ಎರಡು ಕಡೆ ಯಾರು ಹೋಗ್ತಾರೆ, ನಮ್ಮಪ್ಪ ಹೋಗ್ತಾನಾ?” ಆಮೇಲೆ ಬಟ್ಟೆಗೆ ಕೈ ಒರೆಸಿಕೊಂಡದ್ದು, ಲಿಫ್ಟನ್ನು ಒಂದು ಸಲ ಮೇಲೆ ಕೆಳಗೆ ಓಡಿಸಿದ್ದು, ಬಾಗಿಲಿಗೆ ಬೀಗ ಹಾಕಿದ್ದು, ಕೆಳಗೆ ಬಂದು ಹದಿನೆಂಟು ಚೌಕಗಳಿದ್ದ ತಪಾಸಣೆಯ ಪಟ್ಟಿಗೆ ಒಂದೇ ಉಸಿರಿನಲ್ಲಿ ಹದಿನೆಂಟು ಟಿಕ್ ಹಾಕಿದ್ದು. ಎಲ್ಲ ನೆನಪಿತ್ತು. ಮುಚ್ಚಳದ ಮೇಲಿನ ಪಿನ್ನಿಗೂ ಬಟ್ಟೆಗೂ ನಡುವೆ ಇರಬೇಕಾದ ಒಂದು ತುಂಡು ಮಾತ್ರ ಇರಲಿಲ್ಲ. ಅವನು ಎಷ್ಟು ಕೆದಕಿದರೂ ಅಲ್ಲಿ ಸೂಪರ್‌ವೈಸರನ ದನಿಯೇ ಕೇಳುತ್ತಿತ್ತು, ಕೈ ಕಾಣುತ್ತಿರಲಿಲ್ಲ.

ಬ್ರೇಕು ತಪ್ಪಿದರೆ ಲಿಫ್ಟು ಬೀಳುತ್ತದೆಂದು ಜನ ತಿಳಿದಿದ್ದಾರೆ. ಬೀಳುವುದಿಲ್ಲ. ಬೀಳುವುದನ್ನು ಕಚ್ಚಿ ಹಿಡಿಯಲು ಬೇರೆ ಹಲ್ಲುಗಳಿವೆ. ಒಬ್ಬರೋ ಇಬ್ಬರೋ ನಿಂತಿರುವ ಲಿಫ್ಟಿಗಿಂತ ಅದರ ಎದುರು ತೂಗುವ ಕಬ್ಬಿಣದ ತೂಕವೇ ಹೆಚ್ಚು, ಹಾಗಾಗಿ ಹಿಡಿತ ತಪ್ಪಿದ ಲಿಫ್ಟು ಮೇಲಕ್ಕೆ ಹೋಗುತ್ತದೆ. ಬಾಗಿಲು ತೆರೆದು ನಿಂತಿರುವಾಗ, ಒಬ್ಬರ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇರುವಾಗ, ನೆಲ ಸದ್ದಿಲ್ಲದೆ ಏಳತೊಡಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಅವನಿಗೆ ಹೇಳಿಕೊಟ್ಟ ಹಿರಿಯ ಮೆಕ್ಯಾನಿಕ್ಕು, ಹೇಳಿ ಮುಗಿಸಿ, ಬೀಡಿಯ ಹೊಗೆ ಬಿಟ್ಟು, “ಆಮೇಲೆ ಏನಾಗುತ್ತೆ ಅಂತ ಕೇಳಬೇಡ,” ಎಂದಿದ್ದ. ಅವನು ಕೇಳಿರಲಿಲ್ಲ, ಹತ್ತೊಂಬತ್ತು ವರ್ಷದಿಂದ ತಾನೇ ಊಹಿಸಿಕೊಂಡು ಬಂದಿದ್ದ. ಆ ಕಟ್ಟಡದ ಐದನೆಯ ಮಹಡಿಯಲ್ಲಿ ಕಣ್ಣಿನ ಡಾಕ್ಟರು. ಮಾವನ ಪೊರೆ ತೆಗೆದದ್ದೂ ಅಲ್ಲೇ. ಒಂದು ಕಣ್ಣಿಗೆ ಹತ್ತಿ ಕಟ್ಟಿಸಿಕೊಂಡವರು ಲಿಫ್ಟಿನ ಹೊಸ್ತಿಲಲ್ಲಿ ನಿಂತು, ನೆಲ ಎಲ್ಲಿದೆ ಎಂದು ಪಾದದಿಂದ ತಡವಿ ತಡವಿ ನೋಡಿ ಹೆಜ್ಜೆಯಿಡುತ್ತಾರೆ. ಎಲ್ಲರಿಗಿಂತ ಹೆಚ್ಚು ಹೊತ್ತು ಅವರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

“ಅಂಟು ಒಣಗ್ತಿದೆ ಸ್ವಾಮೀ,” ಎಂದರು ಮಾವ. ಅವನು ಬೆಚ್ಚಿಬಿದ್ದು ಪಿನ್ನನ್ನು ಅಚ್ಚಿನ ತೂತಿಗೆ ಒತ್ತಿದ. ಅದು ಚಿಟ್ ಎಂದು ಕೂತಿತು. ಆ ಸದ್ದು ಕಿವಿಗೆ ಎಷ್ಟು ಸ್ಪಷ್ಟವಾಗಿ ಬಿತ್ತೆಂದರೆ ನಿನ್ನೆಯದನ್ನು ಹಾಕಿದ್ದರೆ ಅದರ ಸದ್ದೂ ನೆನಪಿರಬೇಕಿತ್ತು ಎನಿಸಿತು. ಈಗಲೇ ಫೋನು ಮಾಡಬೇಕು. ಆ ಕಟ್ಟಡದ ವಾಚ್‌ಮನ್ನಿಗೆ ಹೇಳಿದರೆ ಆಯಿತು, ಸ್ವಿಚ್ಚು ಇಳಿಸುತ್ತಾನೆ. ಸ್ವಿಚ್ಚು ಇಳಿಸಿದರೆ ಕಟ್ಟಡದವರು ಆಫೀಸಿಗೆ ಫೋನು ಮಾಡುತ್ತಾರೆ, ಆಫೀಸಿನವರು ಸೂಪರ್‌ವೈಸರನಿಗೆ, ಸೂಪರ್‌ವೈಸರ್ ಎಲ್ಲರ ಎದುರಿಗೆ ಆ ಅಡ್ಡಹೆಸರಿನಿಂದ ಅವನನ್ನು ಕೂಗುತ್ತಾನೆ. ಮೂರು ವರ್ಷದ ಹಿಂದೆ ಹೀಗೇ ಅನುಮಾನ ಬಂದು, ಒಂದು ದೊಡ್ಡ ಆಫೀಸಿನ ಲಿಫ್ಟನ್ನು ನಡುಮಧ್ಯಾಹ್ನ ನಿಲ್ಲಿಸಿ, ಅಲ್ಲಿನ ಯಜಮಾನರನ್ನು ಮೆಟ್ಟಿಲು ಹತ್ತಿಸಿ, ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿತ್ತು. ಅವತ್ತಿನಿಂದ ಅವನಿಗೆ ‘ಎರಡ್ಸಲ’ ಎಂದು ಹೆಸರು. ಎರಡ್ಸಲ ಬಂದ್ನಾ? ಎರಡ್ಸಲ ಊಟಾನೂ ಎರಡು ಸಲ ಮಾಡ್ತಾನಾ? ಮನೆಗೆ ಬೀಗ ಹಾಕಿದ ಮೇಲೆ ಹೆಂಡತೀನ ಎಣಿಸಿಕೊಂಡು ಬರ್ತಾನಾ? ಅವನೂ ನಗುತ್ತಿದ್ದ, ನಗದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು. ಆಮೇಲೆ, ಯಾರಿಗೂ ಹೇಳದೆ, ಬೀಡಿ ಬಿಡುವವರು ಬಿಡುವ ಹಾಗೆ ಎರಡನೆಯ ಸಲ ನೋಡುವುದನ್ನು ಬಿಟ್ಟ. ಕೈ ತೊಳೆದು ತಿರುಗಿದ ಮೇಲೆ ಹಿಂದಿರುಗಿ ನೋಡಬಾರದು. ಕತ್ತು ತಾನಾಗಿ ತಿರುಗುತ್ತಿದ್ದುದನ್ನು ಹಟದಿಂದ ನಿಲ್ಲಿಸಿದ್ದ. ಮೊದಲಾಗಿದ್ದರೆ ನಿನ್ನೆ ಬಾಗಿಲ ಬಳಿ ನಿಂತು ಒಮ್ಮೆ ತಿರುಗುತ್ತಿದ್ದ, ಮುಚ್ಚಳದ ಮೇಲೆ ಪಿನ್ನು ಇದೆಯೋ ಇಲ್ಲವೋ ಕಾಣುತ್ತಿತ್ತು. ನಿನ್ನೆ ತಿರುಗಲಿಲ್ಲ. ತಿರುಗಲಿಲ್ಲವೆಂದು ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಹನ್ನೆರಡನೆಯ ಚಿತ್ರದಲ್ಲಿ ರೆಕ್ಕೆ. ಎಲ್ಲ ವಿಮಾನಕ್ಕೂ ನಡುವೆ ಒಡಲು, ಒಡಲ ತಲೆಯಲ್ಲಿ ನಡೆಸುವವನು, ಇದಕ್ಕೆ ಹಾಗಲ್ಲ. ಎಂಜಿನ್ನೂ ಬಾಲವೂ ಇರುವ ಉದ್ದನೆಯ ಒಡಲು ಒಂದು ಕಡೆ, ಜನ ಕೂರುವ ಗಾಜಿನ ಗೂಡು ಬಲಗಡೆಗೆ ಸರಿದು ರೆಕ್ಕೆಯ ಮೇಲೆ ಒಂಟಿಯಾಗಿ. ಬಾಲದ ಅಡ್ಡಪಟ್ಟಿಯೂ ಒಂದು ಮಗ್ಗುಲಿಗೆ ಮಾತ್ರ. ಡಬ್ಬಿಯ ಮೇಲಿನ ಚಿತ್ರ ನೋಡಿದಾಗ ಅಚ್ಚು ಹಾಕುವವನು ತಪ್ಪಿದ್ದಾನೆಂದೇ ಅವನು ತಿಳಿದಿದ್ದ. “ಇದು ಬಾಂಬು ಹಾಕೋದಕ್ಕಲ್ಲ ಅಳಿಯಂದಿರೇ, ನೋಡೋದಕ್ಕೆ,” ಎಂದು ಮಾವ ಹತ್ತನೆಯ ಸಲವೋ ಏನೋ ವಿವರಿಸಿದರು. “ಶತ್ರು ಎಲ್ಲಿದಾನೆ, ಏನ್ಮಾಡ್ತಿದಾನೆ, ಮೇಲಿಂದ ನೋಡಿಕೊಂಡು ಬರೋದು. ಎದುರಿಗೆ ಎಂಜಿನ್ ಅಡ್ಡ ಬರಬಾರದು ಅಂತ ಗೂಡನ್ನ ಪಕ್ಕಕ್ಕೆ ಇಟ್ರು. ನೋಡಿದವರೆಲ್ಲಾ ಇದು ಮಗುಚಿಕೊಳ್ಳುತ್ತೆ ಅಂದ್ರಂತೆ. ನೆಟ್ಟಗೆ ಹಾರ್ತು! ನಾನು ಪಾಠ ಮಾಡುವಾಗ ಇದರ ನಕ್ಷೆ ಬೋರ್ಡಿನ ಮೇಲೆ ಬರೆದು, ತಪ್ಪು ಎಲ್ಲಿದೆ ಹೇಳ್ರೋ ಅಂತಿದ್ದೆ. ಇಡೀ ಕ್ಲಾಸು ಕೈ ಎತ್ತೋದು.” ಮಾವ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳಾಗಿತ್ತು. ಬೆರಳುಗಳು ಅದಕ್ಕೂ ಮುಂಚಿನಿಂದ ಸರಿಯಾಗಿ ಮಡಿಚುತ್ತಿರಲಿಲ್ಲ. ಹೀಗಾಗಿ ಪ್ರತಿ ಬುಧವಾರ ಓದುವುದು ಮಾವನ ಪಾಲು, ಮಾಡುವುದು ಅಳಿಯನ ಪಾಲು, ತಪ್ಪು ಹುಡುಕುವುದು ಮತ್ತೆ ಮಾವನ ಪಾಲು. “ಒತ್ತಿ ಹಿಡಿದು ಅರವತ್ತು ಎಣಿಸಿ. ಬಿಡಬೇಡಿ,” ಎಂದರು. ಅವನು ರೆಕ್ಕೆಯ ಎರಡು ಹೋಳುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಎಣಿಸಿದ. ಕೈ ಎರಡೂ ಹೀಗೆ ಸಿಕ್ಕಿಕೊಂಡಿರುವಷ್ಟು ಹೊತ್ತು ಫೋನು ಮಾಡದಿರುವುದು ಅವನ ತಪ್ಪಲ್ಲ. ಐವತ್ತೆಂಟು, ಐವತ್ತೊಂಬತ್ತು. ಅರವತ್ತಾದ ಮೇಲೂ ಅವನು ಬಿಡಲಿಲ್ಲ.

ಹನ್ನೊಂದೂಕಾಲಿಗೆ, ಸಿಗರೇಟು ತರುತ್ತೇನೆಂದು ಹೇಳಿ ಮೆಟ್ಟಿಲ ಬಳಿ ನಿಂತು ವಾಚ್‌ಮನ್ನಿಗೆ ಫೋನು ಮಾಡಿಯೇಬಿಟ್ಟ. ಅವನು ಸಿಗರೇಟು ಸೇದುವುದಿಲ್ಲವೆಂಬುದು ಮಾವನಿಗೆ ಗೊತ್ತಿತ್ತು, ಆದರೆ ಅವರು ಭೂತಗನ್ನಡಿಯಿಂದ ತಲೆಯೆತ್ತಲಿಲ್ಲ. ಮೂರನೆಯ ರಿಂಗಿಗೆ ವಾಚ್‌ಮನ್ ಎತ್ತಿದ. “ಹೇಳಿ ಸಾರ್.” ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು: ಲಿಫ್ಟು ನಿಲ್ಲಿಸಿ. ಮೂರೇ ಮೂರು ಸೆಕೆಂಡಿನ ಮಾತು. “ಏನಿಲ್ಲ,” ಎಂದ, “ಲಿಫ್ಟು ಹೇಗಿದೆ ಅಂತ ಕೇಳೋಣ ಅಂತ.” “ಅಯ್ಯೋ ಬೆಣ್ಣೆ ಸಾರ್, ಬೆಣ್ಣೆ! ನೀವು ಮಾಡಿ ಹೋದ ಮೇಲೆ ಸದ್ದೇ ಇಲ್ಲ. ಬೆಳಿಗ್ಗೆಯಿಂದ ಜನವೋ ಜನ, ಇವತ್ತು ಡಾಕ್ಟ್ರದ್ದು ಆಪರೇಷನ್ ದಿನ ಅಲ್ವಾ.” “ನಿಲ್ಲುವಾಗ ಜಾರೋದು, ಗೀಚೋದು, ಏನಾದ್ರೂ?” “ಏನೇನೂ ಇಲ್ಲ. ಯಾಕೆ ಸಾರ್?” “ಸುಮ್ನೆ,” ಎಂದು ಅವನು ಫೋನಿಟ್ಟ. ಏನೇನೂ ಇಲ್ಲ ಎಂದರೆ ಪಿನ್ನು ಇದೆಯೆಂದು ಅರ್ಥವಲ್ಲ. ಪಿನ್ನಿಲ್ಲದ ಕೀಲು ಮೊದಲ ದಿನ ಬೆಣ್ಣೆಯ ಹಾಗೇ ಇರುತ್ತದೆ. ಪ್ರತಿ ಸಲ ಬ್ರೇಕು ಬಿಟ್ಟು ಹಿಡಿಯುವಾಗ ಒಂದು ಕೂದಲಷ್ಟು ಆಚೆ ಸರಿಯುತ್ತದೆ, ಅಷ್ಟೆ. ಜನ ಹೆಚ್ಚಿದ್ದಷ್ಟೂ ಬೇಗ. ಇದು ಗೊತ್ತಿದ್ದೂ, ವಾಚ್‌ಮನ್ನಿನ ಮಾತನ್ನು ಅವನು ಔಷಧಿಯ ಚೀಟಿಯ ಹಾಗೆ ಮಡಿಚಿ ಒಳಗಿಟ್ಟುಕೊಂಡ. ನಾಳೆ ಬೆಳಿಗ್ಗೆ ಬೇರೆ ಕಡೆ ಹೋಗುವ ದಾರಿಯಲ್ಲಿ, ಯಾರಿಗೂ ಹೇಳದೆ, ಒಂದು ಸಲ ಮೇಲೆ ಹತ್ತಿ ನೋಡಿ ಬಂದರಾಯಿತು. ಅಲ್ಲಿಯವರೆಗೆ ಏನೂ ಆಗುವುದಿಲ್ಲ. ಮಾವನ ಹೊಸ ಕನ್ನಡಕ ಅದೇ ಐದನೆಯ ಮಹಡಿಯಲ್ಲಿ ಬಂದು ಕೂತಿತ್ತು, ಹೆಂಡತಿ ಅದನ್ನು ತರುವುದು ಶನಿವಾರ. ಹಾಗಾದರೆ ಇವತ್ತು ನಮ್ಮವರು ಯಾರೂ ಅಲ್ಲಿಗೆ ಹೋಗುವುದಿಲ್ಲ ಎಂಬ ಯೋಚನೆ ತಾನಾಗಿ ಬಂತು. ಬಂದದ್ದು ತಿಳಿದ ಮೇಲೂ ಅವನು ಅದನ್ನು ಹೊರಗೆ ಅಟ್ಟಲಿಲ್ಲ.

ಊಟವಾದ ಮೇಲೆ ಗಾಜಿನ ಗೂಡಿಗೆ ಮೂರು ಜನರನ್ನು ಕೂರಿಸಬೇಕಿತ್ತು. ಒಬ್ಬ ನಡೆಸುವವನು, ಒಬ್ಬ ನೋಡುವವನು, ಒಬ್ಬ ಹಿಂದಕ್ಕೆ ಬಂದೂಕು ಹಿಡಿದವನು. ಉಗುರಿನ ಗಾತ್ರದ ಬೂದುಬಣ್ಣದ ಮನುಷ್ಯರು, ಮುಖವಿಲ್ಲ, ಮೊಣಕಾಲು ಮಡಿಚಿಯೇ ಹುಟ್ಟಿದವರು. ಅವನು ಒಬ್ಬೊಬ್ಬನ ಅಂಡಿಗೆ ಅಂಟು ಹಚ್ಚಿ ಒಳಗೆ ಇಳಿಸಿದ. ನೋಡುವವನು ಎರಡು ಸಲ ವಾಲಿದ. “ನೆಟ್ಟಗೆ ಕೂರಿಸೋಕಾಗ್ತಿಲ್ವಲ್ರೀ,” ಎಂದರು ಮಾವ. ಅವರ ದನಿಯಲ್ಲಿ ಮೇಷ್ಟ್ರು ಇರಲಿಲ್ಲ. “ಜ್ವರ ಗಿರ ಬಂದಿದೆಯಾ? ಬೆಳಿಗ್ಗೆಯಿಂದ ನೋಡ್ತಿದೀನಿ, ಮೈ ಇಲ್ಲಿದೆ, ನೀವಿಲ್ಲ.” “ಏನಿಲ್ಲ ಮಾವ.” “ಏನಾದ್ರೂ ಇದ್ರೆ ಹೇಳಿ. ನಾನು ನಿಮ್ಮ ಹಾಳೆ ಹರಿಯೋದಿಲ್ಲ.” ಆಗ ಹೇಳಬಹುದಿತ್ತು. ಮಾವ ಬಯ್ಯುತ್ತಿರಲಿಲ್ಲ, ಎದ್ದು ಹೋಗಿ ನೋಡಿಕೊಂಡು ಬನ್ನಿ ಎನ್ನುತ್ತಿದ್ದರು, ಅಷ್ಟೇ. ಹಾಗೆ ಎನ್ನುತ್ತಾರೆಂದು ಗೊತ್ತಿದ್ದದ್ದರಿಂದಲೇ ಅವನು ಹೇಳಲಿಲ್ಲ. ಹೇಳಿದರೆ ಹೋಗಬೇಕು. ಹೋದರೆ ಪಿನ್ನು ಇರಬಾರದು, ಇದ್ದರೆ ಮತ್ತೆ ‘ಎರಡ್ಸಲ’ ಎಂಬ ನಗೆ. ಪಿನ್ನು ಇರದೇ ಇದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು, ಅನಿಸಿದ್ದು ತಿಳಿದು ಅವನು ಗಾಜನ್ನು ಕೈಗೆತ್ತಿಕೊಂಡ. ಗೂಡಿನ ಗಾಜನ್ನು ಮುಚ್ಚುವಾಗ ಅದರ ಮೇಲೆ ಅಂಟಿನ ಬೆರಳಚ್ಚು ಬಿತ್ತು, ಒರೆಸಿದಷ್ಟೂ ಹರಡಿತು, ಒಳಗಿದ್ದ ಮೂವರೂ ಮಂಜಿನೊಳಗೆ ಹೋದಂತಾದರು. “ಇರಲಿ ಬಿಡಿ,” ಎಂದರು ಮಾವ, ಎಂದೂ ಇರಲಿ ಬಿಡಿ ಎನ್ನದವರು.

ಎರಡೂವರೆಗೆ ಹೆಂಡತಿಯ ಫೋನು ಬಂತು. ಅವಳು ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನ ಕೆಲಸದವಳು, ಸಂಜೆ ಆರಕ್ಕೆ ಮುಂಚೆ ಎಂದೂ ಬಿಡುವಾಗುವುದಿಲ್ಲ. ಈಗ ಹಿಂದೆ ಬಸ್ಸಿನ ಹಾರನ್ನು. “ರೀ, ಇವತ್ತು ಕರೆಂಟಿಲ್ಲ ಅಂತ ಬೇಗ ಬಿಟ್ರು. ಹೇಗೂ ಈ ಕಡೆ ಬಸ್ ಸಿಕ್ತು, ಅಪ್ಪನ ಕನ್ನಡಕ ತಗೊಂಡೇ ಬಂದ್ಬಿಡ್ತೀನಿ. ಇನ್ನೊಂದು ಹದಿನೈದು ನಿಮಿಷಕ್ಕೆ ಅಲ್ಲಿರ್ತೀನಿ. ಅಪ್ಪಂಗೆ ಹೇಳ್ಬೇಡಿ, ನೋಡಿ ಖುಷಿ ಪಡ್ಲಿ.” “ಬೇಡ,” ಎಂದ ಅವನು. “ಏನು?” “ಲಿಫ್ಟ್... ನೀನು ಲಿಫ್ಟ್ ಹತ್ತಬೇಡ.” “ಏನಂದ್ರಿ? ಕೇಳಿಸ್ತಿಲ್ಲ ರೀ, ಸಿಕ್ಕಾಪಟ್ಟೆ ಗಲಾಟೆ. ಇಡ್ತೀನಿ.” ತಿರುಗಿ ಮಾಡಿದ. ಮತ್ತೆ ಮಾಡಿದ. ಅವಳ ಫೋನು ಚೀಲದೊಳಗೆ ಹೋಗಿಬಿಟ್ಟಿತ್ತು. ಆಮೇಲೆ ಅವನ ಬೆರಳು ವಾಚ್‌ಮನ್ನಿನ ನಂಬರನ್ನು ಎಷ್ಟು ಬೇಗ ಒತ್ತಿತೆಂದರೆ, ಬೆಳಗಿನಿಂದ ನಾಲ್ಕು ಗಂಟೆ ಹೊತ್ತು ಆಗದೇ ಇದ್ದದ್ದು ಈ ಬೆರಳಿಗೇ ಏನು ಎಂದು ಅವನಿಗೇ ವಿಚಿತ್ರವಾಯಿತು. “ಲಿಫ್ಟು ನಿಲ್ಲಿಸಿ. ಒಳಗಿರೋರು ಇಳೀಲಿ, ತಕ್ಷಣ ಸ್ವಿಚ್ಚು ಇಳಿಸಿ. ಯಾರೂ ಹತ್ತಬಾರದು. ಯಾರೂ!” “ಆಯ್ತು ಸಾರ್,” ಎಂದ ವಾಚ್‌ಮನ್, ಯಾಕೆಂದೂ ಕೇಳದೆ. ಫೋನು ಕಿವಿಗೆ ಹಾಗೇ ಇತ್ತು, ಅವನ ಹೆಜ್ಜೆಯ ಸದ್ದು, ತಗಡಿನ ಪೆಟ್ಟಿಗೆ ತೆರೆದ ಸದ್ದು, ಟಪ್ ಎಂಬ ಸದ್ದು. “ಇಳಿಸಿದೆ ಸಾರ್.” ಮೇಜಿನ ಮೇಲಿನ ಗಡಿಯಾರದಲ್ಲಿ ಒಂದು ನಿಮಿಷವೂ ಕಳೆದಿರಲಿಲ್ಲ. ಅವನು ಎದ್ದ ರಭಸಕ್ಕೆ ಮೇಜು ಅಲ್ಲಾಡಿ ಎಡಗಡೆಯ ರೆಕ್ಕೆ ಒಡಲಿನಿಂದ ಕಳಚಿ ಪೇಪರಿನ ಮೇಲೆ ಬಿತ್ತು. “ಎಲ್ಲಿಗೆ? ಏನಾಯ್ತು? ಅವಳಿಗೇನಾಯ್ತು?” ಎಂದು ಮಾವ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. “ಏನೂ ಆಗಿಲ್ಲ ಮಾವ. ಬಂದು ಹೇಳ್ತೀನಿ,” ಎಂದು ಚಪ್ಪಲಿಗೆ ಕಾಲು ತೂರಿಸದೆಯೇ ಓಡಿದ.

ಬೈಕಿನಲ್ಲಿ ಹದಿನೆಂಟು ನಿಮಿಷದ ದಾರಿ. ಲಿಫ್ಟು ನಿಂತಿದೆ, ಇನ್ನು ಯಾರಿಗೂ ಏನೂ ಆಗಲಾರದು ಎಂದು ತಿಳಿದಿದ್ದೂ ಭಯ ಇಳಿಯಲಿಲ್ಲ, ಬದಲಿಗೆ ಅದು ಇನ್ನೂ ದೊಡ್ಡ ಕೋಣೆಗೆ ಹೋಗಿ ಕೂತ ಹಾಗಾಯಿತು. ಕಟ್ಟಡದ ಮೆಟ್ಟಿಲುಗಳು ಲಿಫ್ಟಿನ ಬಾವಿಯನ್ನು ಸುತ್ತಿಕೊಂಡು ಮೇಲೆ ಹೋಗುತ್ತವೆ. ಅವನ್ನು ಹತ್ತಿ ಇಳಿಯುತ್ತಿದ್ದವರೆಲ್ಲ ಅವನಿಗೆ ಒಬ್ಬೊಬ್ಬರಾಗಿ ಎದುರಾದರು. ಫೈಲು ಹೊತ್ತ ಗುಮಾಸ್ತ, ಗರ್ಭಿಣಿ, ನೀರಿನ ಕ್ಯಾನು ಹೆಗಲಿಗೇರಿಸಿದ ಆಳು. ಎರಡನೆಯ ಮಹಡಿಯ ತಿರುವಿನಲ್ಲಿ ಬಲಗಣ್ಣಿಗೆ ಹತ್ತಿ ಕಟ್ಟಿದ ಮುದುಕಿಯೊಬ್ಬಳು ಮಗನ ತೋಳು ಹಿಡಿದು ಮೆಟ್ಟಿಲಿನ ಅಂಚನ್ನು ಪಾದದಿಂದ ಹುಡುಕುತ್ತ ಇಳಿಯುತ್ತಿದ್ದಳು. “ಬೆಳಿಗ್ಗೆ ಲಿಫ್ಟಲ್ಲೇ ಹೋಗಿದ್ವಲ್ಲೋ, ಈಗೇನು ಬಂತು ಅದಕ್ಕೆ ರೋಗ?” ಎಂದು ಮಗನನ್ನು ಕೇಳುತ್ತಿದ್ದಳು. ಬೆಳಿಗ್ಗೆ ಎಷ್ಟು ಹೊತ್ತಿಗೆ ಎಂದು ನಿಲ್ಲಿಸಿ ಕೇಳಬೇಕೆನಿಸಿತು. ಹತ್ತೂವರೆಗೆ ಮುಂಚೆಯೋ, ಆಮೇಲೋ? ಕೇಳದೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಮೂರನೆಯ ಮಹಡಿಯಲ್ಲಿ ಹೆಂಡತಿ, ಕಿಟಕಿಯ ಕಟ್ಟೆಗೆ ಚೀಲ ಒರಗಿಸಿ, ಉಸಿರು ತೆಗೆದುಕೊಳ್ಳುತ್ತ ನಿಂತಿದ್ದಳು. “ಅರೆ, ನೀವೇನ್ರೀ ಇಲ್ಲಿ? ರಜೆ ಅಲ್ವಾ? ಬರಿಗಾಲಲ್ಲಿ ಬಂದಿದೀರ!” ಅವನು ಅವಳ ಮುಂಗೈ ಹಿಡಿದ. ಬಿಸಿಯಾಗಿತ್ತು, ಬಳೆ ಒತ್ತಿತು. “ಬಿಡ್ರೀ, ಎಲ್ಲರ ಮುಂದೆ,” ಎಂದು ನಕ್ಕಳು. “ಲಿಫ್ಟು ನೋಡೋದಿದೆ,” ಎಂದ. “ನೀನು ಮೇಲೆ ಹೋಗಿ ಕನ್ನಡಕ ತಗೊಂಡು ಅಲ್ಲೇ ಇರು.”

ಮೋಟರು ಕೋಣೆಯ ಬೀಗ ತೆಗೆಯಲು ಮೂರು ಸಲ ಬೇಕಾಯಿತು. ಮುಚ್ಚಳದ ಮೇಲೆ ಏನೂ ಇರಲಿಲ್ಲ. ಟಾರ್ಚು ಹಿಡಿದು ಬಲಗಡೆಯ ತೋಳಿನ ಬಳಿ ಬಗ್ಗಿದ. ಪಿನ್ನು ಇತ್ತು. ಹೊಸದು, ಹೊಳೆಯುತ್ತಿತ್ತು. ಎರಡೂ ಕಾಲು ಸರಿಯಾಗಿ, ಒಂದು ಈ ಕಡೆ ಒಂದು ಆ ಕಡೆ, ಎಡಗಡೆಯದಕ್ಕಿಂತ ಅಚ್ಚುಕಟ್ಟಾಗಿ ಮಡಿಚಿದ್ದವು. ಬೆರಳಿಟ್ಟು ಅಲುಗಿಸಿದ, ಅಲುಗಲಿಲ್ಲ. ತನ್ನದೇ ಕೈಕೆಲಸ, ಆ ಮಡಿಕೆ ತನ್ನದೇ ಎಂದು ಗುರುತು ಸಿಕ್ಕಿತು. ಆದರೂ ನೆನಪು ಬರಲಿಲ್ಲ. ಅವನು ಹಿಕ್ಕೆಯ ನೆಲದ ಮೇಲೆ ಹಾಗೇ ಕೂತ. ಈಗ ನಗು ಬರಬೇಕಿತ್ತು, ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಪಿನ್ನು ಇದ್ದದ್ದು ಪಿನ್ನಿನ ಪುಣ್ಯ. ಅದು ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ರೆಕ್ಕೆ ಅಂಟಿಸಿದ, ಊಟ ಮಾಡಿದ, ಕಾಳು ಕಾಳು ಮನುಷ್ಯರನ್ನು ಗೂಡಿನಲ್ಲಿ ಕೂರಿಸಿದ. ಸೂಪರ್‌ವೈಸರನಿಗೆ ಫೋನು ಮಾಡಿ ಎಲ್ಲ ಹೇಳಿದ. ನಿನ್ನೆ ನೋಡದೆ ಟಿಕ್ ಹಾಕಿದ್ದು, ಬೆಳಿಗ್ಗೆ ಅನುಮಾನ ಬಂದದ್ದು, ಮಧ್ಯಾಹ್ನದವರೆಗೆ ಸುಮ್ಮನಿದ್ದದ್ದು. ಬಯ್ಯಲಿ ಎಂದು ಕಾದ. “ಪಿನ್ ಇದೆಯಾ ಇಲ್ವಾ?” “ಇದೆ ಸಾರ್.” “ಮತ್ತೇನು ಗೋಳು ಮಾರಾಯ? ಟಿಕ್ ಎಲ್ರೂ ಹಾಗೇ ಹಾಕೋದು. ಎರಡ್ಸಲ, ಎರಡ್ಸಲ! ರಜಾ ದಿನಾನಾದ್ರೂ ಮನೇಲಿ ಕೂತ್ಕೋ.” ನಗು ಕೇಳಿಸಿ ಫೋನು ಕಡಿಯಿತು.

ಲಿಫ್ಟಿಗೆ ಮತ್ತೆ ಜೀವ ಕೊಟ್ಟು, ಖಾಲಿಯಾಗಿ ನಾಲ್ಕು ಸಲ ಓಡಿಸಿ ನೋಡಿ, ಅವನು ಐದನೆಯ ಮಹಡಿಗೆ ಇಳಿದು ಬಂದ. ಹೆಂಡತಿ ಕನ್ನಡಕದ ಡಬ್ಬಿ ಹಿಡಿದು ಲಿಫ್ಟಿನ ಎದುರು ಕಾಯುತ್ತಿದ್ದಳು. “ವಾಚ್‌ಮನ್ ಮೇಲೆ ಬಂದು ಎಲ್ಲರಿಗೂ ಹೇಳಿ ಹೋದ,” ಎಂದಳು, ಮುಖ ಅರಳಿತ್ತು. “ರಜೆ ಬಿಟ್ಟು ಓಡಿ ಬಂದಿದಾರೆ, ಇಂಥಾ ಜನ ಎಲ್ಲಿ ಸಿಗ್ತಾರೆ ಅಂತ. ನಮ್ಮನೆಯವರೇ ಅಂತ ಹೇಳೋಕೆ ನಂಗೆ ನಾಚಿಕೆಯಾಯ್ತು. ಹೇಳಿದೆ, ಆಮೇಲೆ.” ಅವನು ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವಳು ಅದನ್ನು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾಳೆ, ಮಾವ ಇನ್ನು ಮೇಲೆ ರೆಕ್ಕೆ ಸೊಟ್ಟಗಾದರೂ ಏನೂ ಅನ್ನುವುದಿಲ್ಲ. ಆ ಹೊಗಳಿಕೆಯೊಳಗೆ ಬದುಕಿಕೊಂಡಿರುವುದನ್ನು ನೆನೆದು ಅವನಿಗೆ ಬೆಳಗಿನ ಭಯಕ್ಕಿಂತ ದೊಡ್ಡ ಭಯವಾಯಿತು.

“ಬೆಳಿಗ್ಗೆ ಹತ್ತೂವರೆಗೇ ಅನುಮಾನ ಬಂದಿತ್ತು,” ಎಂದ.

“ಯಾವುದರ ಅನುಮಾನ?”

“ಬ್ರೇಕಿನ ಪಿನ್ನು ಹಾಕಿಲ್ಲ ಅಂತ. ಹಾಕಿದ್ದೆ. ಅದು ಈಗ ಗೊತ್ತಾಯ್ತು. ಆಗ ಗೊತ್ತಿರಲಿಲ್ಲ.”

ಅವಳು ಅವನನ್ನೇ ನೋಡುತ್ತಿದ್ದಳು. ಅಂಕಿ ಕೂಡಿಸುವಾಗ ಆಗುವ ಹಾಗೆ ಅವಳ ಹುಬ್ಬುಗಳು ಹತ್ತಿರ ಬಂದವು. “ನಾನು ಫೋನ್ ಮಾಡಿದ್ದು ಎರಡೂವರೆಗೆ.”

“ಹೌದು.”

“ಅಲ್ಲಿವರೆಗೆ ಏನ್ಮಾಡ್ತಿದ್ರಿ?”

“ವಿಮಾನ ಮಾಡ್ತಿದ್ದೆ.”

ಲಿಫ್ಟು ಬರುವ ಸದ್ದು ಕೇಳಿಸಿತು, ನಿಜವಾಗಿಯೂ ಬೆಣ್ಣೆಯಂಥ ಸದ್ದು. “ನಾನು ಇಲ್ಲಿಗೆ ಬರದೆ ಸೀದಾ ಮನೆಗೆ ಬಂದಿದ್ರೆ?” ಎಂದು ಅವಳು ಕೇಳಿದಳು. “ಆಗ ಫೋನ್ ಮಾಡ್ತಿದ್ರಾ?”

ಗೊತ್ತಿಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ ಎಂದು ವಾದಿಸಬಹುದಿತ್ತು. “ಇಲ್ಲ,” ಎಂದ ಅವನು.

ಬಾಗಿಲು ತೆರೆಯಿತು. ಒಳಗೆ ಮೇಲಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಸರಿದು ಜಾಗ ಬಿಟ್ಟಳು. ಅವನು ಒಳಗೆ ಹೋಗಿ ತಿರುಗಿ ನಿಂತ. ಹೆಂಡತಿ ಹೊಸ್ತಿಲಿನ ಆಚೆಯೇ ಇದ್ದಳು. “ಹತ್ತಲ್ವೇನಮ್ಮಾ?” ಎಂದಳು ಒಳಗಿದ್ದ ಹೆಂಗಸು. “ನೀವು ಹೋಗಿ,” ಎಂದಳು ಹೆಂಡತಿ, ಯಾರಿಗೆಂದು ತಿಳಿಯದ ಹಾಗೆ. “ನಾನು ಮೆಟ್ಟಿಲಲ್ಲಿ ಬರ್ತೀನಿ.” ಬಾಗಿಲು ಮುಚ್ಚಿತು. ಐದು ಮಹಡಿ ಇಳಿಯುವಷ್ಟು ಹೊತ್ತು ಗೋಡೆಯಾಚೆ ಬಾವಿಯನ್ನು ಸುತ್ತಿ ಇಳಿಯುವ ಅವಳ ಚಪ್ಪಲಿಯ ಸದ್ದು ಮೊದಲು ಜೊತೆಗಿತ್ತು, ಆಮೇಲೆ ಮೇಲೆ ಉಳಿಯಿತು.

ಕೆಳಗೆ ವಾಚ್‌ಮನ್ ಸ್ಟೂಲಿನಿಂದ ಎದ್ದು ನಿಂತ. “ಸಾರ್, ಓಡಿದ ಓಟದಲ್ಲಿ ಬುಕ್ಕಿಗೆ ಬರೆಯೋದೇ ಬಿಟ್ರಿ,” ಎಂದು ದಪ್ಪ ರಟ್ಟಿನ ಪುಸ್ತಕವನ್ನು ತೆರೆದು, ದಾರ ಕಟ್ಟಿದ ಪೆನ್ನನ್ನು ಮುಂದಕ್ಕೆ ಸರಿಸಿದ. ಹೆಸರು, ಬಂದ ಹೊತ್ತು, ಬಂದ ಕಾರಣ. ಹೆಸರು ಬರೆದ. ಬಂದ ಹೊತ್ತು ಮೂರು ಗಂಟೆಗೆ ಐದು ನಿಮಿಷ ಮುಂಚೆ ಎಂದು ಬರೆದ. ಕಾರಣದ ಮುಂದೆ ಪೆನ್ನು ನಿಂತಿತು. ಮೇಲೆ ಚಪ್ಪಲಿಯ ಸದ್ದು ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ಕ್ಷಣ ತಡೆದು ಮತ್ತೆ ಶುರುವಾಯಿತು. ಅವನು ಬರೆಯತೊಡಗಿದ. ನಿನ್ನೆ ಬ್ರೇಕಿನ ಬಲಗಡೆಯ ಪಿನ್ನನ್ನು ನೋಡದೆ ಪಟ್ಟಿಗೆ ಟಿಕ್ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಹತ್ತೂವರೆಗೆ ಅದು ಇಲ್ಲವೆಂದು ಅನುಮಾನ ಬಂತು. ಹನ್ನೊಂದೂಕಾಲಿಗೆ ವಾಚ್‌ಮನ್ ಜೊತೆ ಮಾತಾಡಿದಾಗಲೂ ಹೇಳಲಿಲ್ಲ. ಎರಡೂವರೆಗೆ ಹೇಳಿದೆ. ಚೌಕ ಸಾಲದೆ ಅಕ್ಷರಗಳು ಮುಂದಿನವರ ಸಾಲಿಗೆ ಇಳಿದವು. ವಾಚ್‌ಮನ್ ತಲೆಕೆಳಗಾಗಿ ಓದಿ, “ಇದೆಲ್ಲಾ ಯಾಕೆ ಸಾರ್? ಸರ್ವಿಸ್ ಅಂತ ಒಂದು ಮಾತು ಬರೆದ್ರೆ ಸಾಕು. ನಾಳೆ ಮ್ಯಾನೇಜರ್ ನೋಡ್ತಾರೆ, ನಿಮಗೇ ತೊಂದರೆ. ಹೊಡೆದು ಹಾಕಿ,” ಎಂದ. ಸಹಿ ಬೇರೆ ಯಾರದೋ ಸಹಿಯ ಹಾಗೆ ಬಿತ್ತು. ಮೆಟ್ಟಿಲಿನ ಕೊನೆಯ ತಿರುವಿನಲ್ಲಿ ಅವಳ ಸೀರೆಯ ಅಂಚು ಕಾಣಿಸಿತು. ಅವನು ಏನನ್ನೂ ಹೊಡೆದು ಹಾಕದೆ, ಇಳಿದು ಬರುವವರಿಗೆ ನೆಟ್ಟಗೆ ಓದಲು ಬರುವ ಹಾಗೆ, ಪುಸ್ತಕವನ್ನು ಮೆಟ್ಟಿಲಿನ ಕಡೆಗೆ ತಿರುಗಿಸಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ.